ಕೌಜುಗಕ್ಕೆ ಬೇರೆ ಗೂಡು, ಕೋಳಿಗೆ ಬೇರೆ ಗೂಡು

(ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ ಭಾಷಣದ ಬರಹರೂಪ)



ಇವತ್ತಿನ ವಿಷಯ ಕೌಜುಗ ಸಾಕಾಣಿಕೆ. ಇದರಲ್ಲಿ ಲಾಭ ಎಷ್ಟು ಅಂತ ಹೇಳೋರು ಬಹಳ ಜನ ಸಿಗ್ತಾರೆ. ನಾನು ಎರಡೇ ವಿಷಯ ಹಿಡಿದು ಹೇಳ್ತೀನಿ. ಒಂದು, ಬೇರೆ ಬೇರೆ ಕಡೆಯಿಂದ ಬಂದ ಎರಡು ಗುಂಪು ಕೌಜುಗಗಳನ್ನ ಒಟ್ಟಿಗೆ ಕೂಡಿಸೋದು. ಇನ್ನೊಂದು, ಮನೆಯಲ್ಲಿ ಮೊದಲೇ ಇರೋ ಜವಾರಿ ಕೋಳಿಗಳಿದ್ದಲ್ಲಿ ಇವನ್ನ ಇಟ್ಟುಕೊಳ್ಳೋದು. ಈ ಎರಡರಲ್ಲಿ ಎಡವಿದ್ರೆ ಸಂಘದ ಸಾಲ ಉಳಿಯುತ್ತೆ, ಹಕ್ಕಿ ಉಳಿಯೋದಿಲ್ಲ.

ಮೊದಲು ಹೆಸರು. ಕೌಜುಗ, ಗೌಜಲಕ್ಕಿ, ಲಾವಕ್ಕಿ, ಕ್ವೇಲ್ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಜೋಳದ ಹೊಲದಲ್ಲಿ ಕಾಲ ಬುಡದಿಂದಲೇ ಪುರ್ರಂತ ಎದ್ದು ಹಾರೋ ಕಾಡು ಹಕ್ಕಿ ಬೇರೆ, ನಾವು ಗೂಡಿನಲ್ಲಿ ಸಾಕೋದು ಬೇರೆ. ಸಾಕೋ ಹಕ್ಕಿಯ ಸರಿಯಾದ ಹೆಸರು ಜಪಾನಿ ಕ್ವೇಲ್. 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಬರೇಲಿ ಪಕ್ಕದ ಇಜ್ಜತ್‌ನಗರದ ಸಂಶೋಧನಾ ಕೇಂದ್ರಕ್ಕೆ ಇದನ್ನ ತಂದರು. ಅಲ್ಲಿಂದ ದೇಶದಲ್ಲೆಲ್ಲ ಹಬ್ಬಿತು. ನಮ್ಮ ಪಕ್ಕದ ತಮಿಳುನಾಡಿನಲ್ಲಂತೂ ಕೋಳಿಯ ಹಾಗೇ ಬಳಕೆಗೆ ಬಂದುಬಿಟ್ಟಿದೆ.

ಕಾಡಿನ ಕೌಜುಗ ಹಿಡಿಯೋದು, ಮಾರೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಬಲೆ ಹಾಕಿ ಹಿಡಿದ ಹಕ್ಕಿಯನ್ನ ಸಂತೆಯಲ್ಲಿ ಯಾರಾದ್ರೂ ಅಗ್ಗಕ್ಕೆ ಕೊಡ್ತೀನಿ ಅಂದ್ರೂ ತರಬೇಡ್ರಿ. 2011ರಲ್ಲಿ ಕೇಂದ್ರ ಪರಿಸರ ಇಲಾಖೆಯವರು ಸಾಕೋ ಜಪಾನಿ ಕ್ವೇಲ್ ಮೇಲೂ ನಿರ್ಬಂಧ ಹಾಕಿದ್ರು, ಹೊಸ ಫಾರಂಗಳಿಗೆ ಪರವಾನಗಿ ಕೊಡೋದು ನಿಂತಿತ್ತು. ಆಮೇಲೆ ಸಾಕೋ ಹಕ್ಕಿಗೆ ಆ ನಿರ್ಬಂಧ ತೆಗೆದರು. ಆದ್ರೂ ನೋಡಿದವರಿಗೆ ಇದು ಕಾಡಿಂದೋ ಗೂಡಿಂದೋ ಗೊತ್ತಾಗಲ್ಲ. ಮರಿ ಕೊಟ್ಟ ಹ್ಯಾಚರಿಯ ರಸೀದಿಯನ್ನ ಸಂಘದ ಕಡತದಲ್ಲಿ ಇಟ್ಟುಕೊಳ್ಳಿ. ಯಾರಾದ್ರೂ ಬಂದು ಕೇಳಿದ್ರೆ ತೋರಿಸೋಕೆ ಅದೇ ದಾಖಲೆ.

ಈಗ ಹಕ್ಕಿಯ ಗುಣ ತಿಳ್ಕೊಳ್ಳೋಣ. ದೊಡ್ಡದಾದ ಕೌಜುಗ 150ರಿಂದ 200 ಗ್ರಾಂ ತೂಗುತ್ತೆ. ಹೆಣ್ಣು ಗಂಡಿಗಿಂತ ಸ್ವಲ್ಪ ದಪ್ಪ. ಆರೇಳು ವಾರಕ್ಕೆ ಮೊಟ್ಟೆಗೆ ಬರುತ್ತೆ. ಮೊಟ್ಟೆ ಹತ್ತು ಗ್ರಾಂ ಆಸುಪಾಸು, ಚುಕ್ಕೆ ಚುಕ್ಕೆ ಇರುತ್ತೆ. ಚೆನ್ನಾಗಿ ನೋಡಿಕೊಂಡ್ರೆ ವರ್ಷಕ್ಕೆ 250ರ ಮೇಲೆ ಇಡುತ್ತೆ. ಆದ್ರೆ ಕಾವಿಗೆ ಕೂರಲ್ಲ. ಗೂಡಿನಲ್ಲೇ ಎಷ್ಟೋ ತಲೆಮಾರು ಬೆಳೆದು ಆ ಬುದ್ಧಿ ಕಳ್ಕೊಂಡಿದೆ. ಕೋಳಿಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಜವಾರಿ ಕೋಳಿ ಬೆಳಿಗ್ಗೆ ಬಿಟ್ರೆ ತಿಪ್ಪೆ, ಹಿತ್ತಲು, ಪಕ್ಕದ ಮನೆ ಕಣ ಎಲ್ಲ ಸುತ್ತಿ ಸಂಜೆಗೆ ತಾನಾಗೇ ಗೂಡಿಗೆ ಬರುತ್ತೆ. ಕೌಜುಗ ಬರಲ್ಲ. ಒಂದು ಸಲ ಹೊರಗೆ ಹೋಯ್ತು ಅಂದ್ರೆ ಬೆಕ್ಕಿನ ಪಾಲು, ಇಲ್ಲಾ ಹದ್ದಿನ ಪಾಲು. ಹಾಗಾಗಿ ಹುಟ್ಟಿದಾಗಿಂದ ಮಾರೋ ತನಕ ಗೂಡಿನಲ್ಲೇ ಇರಬೇಕು. ಗೂಡಿನಲ್ಲೇ ಇರೋದ್ರಿಂದ ಜಗಳ ಬಂದ್ರೆ ಸೋತ ಹಕ್ಕಿಗೆ ಓಡಿಹೋಗೋಕೆ ಜಾಗ ಇಲ್ಲ. ಇದನ್ನ ಮನಸ್ಸಲ್ಲಿ ಇಟ್ಟುಕೊಂಡು ಮುಂದಿನ ಮಾತು ಕೇಳ್ರಿ.

ಒಂದು ಸಂಘದಲ್ಲಿ ಹೀಗಾಯ್ತು ಅಂದುಕೊಳ್ಳೋಣ. ಒಬ್ಬ ಅಕ್ಕ ಒಂದು ಹ್ಯಾಚರಿಯಿಂದ 50 ಮರಿ ತಂದ್ರು, ಒಂದಷ್ಟು ಮಾರಿದ್ರು, 20 ಉಳಿದ್ವು. ಇನ್ನೊಬ್ಬ ಅಕ್ಕ ಬೇರೆ ಊರಿಂದ 30 ತಂದ್ರು. ಇಬ್ಬರೂ ಸೇರಿ ಒಂದೇ ಗೂಡಿನಲ್ಲಿ ಹಾಕಿದ್ರೆ ಕೆಲಸ ಅರ್ಧ ಆಗುತ್ತೆ, ಒಂದೇ ಸಲ ಕಾಳು ನೀರು ಹಾಕಬಹುದು ಅಂತ ಲೆಕ್ಕ ಹಾಕ್ತಾರೆ. ಲೆಕ್ಕ ತಪ್ಪಲ್ಲ. ಆದ್ರೆ ತಂದ ದಿನವೇ ಸುರಿದುಬಿಟ್ರೆ ಮಾರನೇ ದಿನ ತಲೆಯ ಮೇಲೆ ಪುಕ್ಕ ಇಲ್ಲದೆ, ರಕ್ತ ಬಂದು, ಕಣ್ಣು ಹೋದ ಹಕ್ಕಿ ಕಾಣಿಸುತ್ತೆ. ಕೌಜುಗ ಕುಕ್ಕೋದು ತಲೆಗೆ, ಅದೂ ಹಿಂದಿನಿಂದ. ನೋಡೋಕೆ ಇಷ್ಟೇ ಇಷ್ಟು ಇದ್ರೂ ಗಂಡು ಕೌಜುಗ ಬಲು ಜಗಳಗಂಟ.

ಜಗಳಕ್ಕಿಂತ ಮುಂಚೆ ರೋಗದ ಮಾತು. ಹೊಸದಾಗಿ ಬಂದ ಗುಂಪನ್ನ ಮೂರು ವಾರ ಬೇರೆಯೇ ಇಡಬೇಕು. ಬೇರೆ ಅಂದ್ರೆ ಅದೇ ಕೋಣೆಯ ಇನ್ನೊಂದು ಮೂಲೆ ಅಲ್ಲ. ಮನೆಯ ಇನ್ನೊಂದು ಕಡೆ, ಗಾಳಿ ಹಳೇ ಗೂಡಿನ ಕಡೆಗೆ ಬೀಸದ ಹಾಗೆ ಇರಬೇಕು. ನೀರಿನ ಬಟ್ಟಲು, ಕಾಳಿನ ತಟ್ಟೆ, ಪೊರಕೆ ಎಲ್ಲ ಬೇರೆ. ದಿನಾ ಮೊದಲು ಹಳೇ ಹಕ್ಕಿಗಳ ಕೆಲಸ ಮುಗಿಸಿ ಆಮೇಲೆ ಹೊಸವಕ್ಕೆ ಹೋಗಬೇಕು, ಮುಗಿಸಿ ಸೋಪಿನಲ್ಲಿ ಕೈ ತೊಳ್ಕೋಬೇಕು. ಆ ಮೂರು ವಾರ ಹಿಕ್ಕೆ ಹೇಗಿದೆ, ಕಣ್ಣು ಊದಿದೆಯಾ, ಮೂಗಿನಲ್ಲಿ ನೀರು ಬರ್ತಿದೆಯಾ, ಯಾವುದಾದ್ರೂ ಮುದುಡಿಕೊಂಡು ಕೂತಿದೆಯಾ ಅಂತ ನೋಡ್ತಾ ಇರಬೇಕು. ಕೌಜುಗಕ್ಕೆ ಕರುಳು ಹುಣ್ಣಿನ ರೋಗ ಒಂದಿದೆ. ಬಂತು ಅಂದ್ರೆ ಗುಂಪಿಗೆ ಗುಂಪೇ ಹೋಗುತ್ತೆ. ಹಿಕ್ಕೆ ನೀರು ನೀರಾಗಿ ಬೆಳ್ಳಗೆ ಬರುತ್ತೆ, ಕೆಲವು ಹಕ್ಕಿ ಏನೂ ತೋರಿಸಿಕೊಳ್ಳದೆ ಹಾಗೇ ಸಾಯುತ್ತೆ. ಹರಡೋದು ಹಿಕ್ಕೆ ಬಿದ್ದ ಕಾಳು ನೀರಿನಿಂದ. ಮೂರು ವಾರ ತಾಳಿದ್ರೆ ಇಂಥದ್ದು ಬಹುತೇಕ ಬೇರೆ ಇರುವಾಗಲೇ ಗೊತ್ತಾಗುತ್ತೆ.

ಕೂಡಿಸೋಕೆ ಒಳ್ಳೆ ವಯಸ್ಸು ಮೂರರಿಂದ ಐದು ವಾರ. ಅಷ್ಟರಲ್ಲಿ ಮರಿಗೆ ಪುಕ್ಕ ಬಂದಿರುತ್ತೆ, ಬುಡ್ಡಿ ಕಾವು ಬೇಕಾಗಲ್ಲ, ಆದ್ರೆ ಗಂಡಿನ ಗರ್ವ ಇನ್ನೂ ಬಂದಿರಲ್ಲ. ಮರಿಯಾಗಿದ್ದಾಗಲೇ ತಂದಿದ್ರೆ ಬೇರೆ ಇಡೋ ಮೂರು ವಾರ ಮುಗಿಯೋದೂ ಈ ವಯಸ್ಸಿಗೇ ಸರಿಹೋಗುತ್ತೆ. ವಾರದ ಮರಿಯನ್ನ ದೊಡ್ಡ ಹಕ್ಕಿಗಳ ಜೊತೆ ಯಾವತ್ತೂ ಹಾಕಬೇಡ್ರಿ, ತುಳಿದು ಸಾಯುತ್ತೆ. ಎರಡು ಗುಂಪೂ ಹೆಚ್ಚು ಕಮ್ಮಿ ಒಂದೇ ಗಾತ್ರ ಇರಲಿ.

ಕೂಡಿಸೋ ಮುಂಚೆ ಗಂಡು ಹೆಣ್ಣು ವಿಂಗಡಿಸಬೇಕು. ಕಷ್ಟ ಏನಿಲ್ಲ. ಮೂರು ವಾರ ದಾಟಿದ ಮೇಲೆ ಎದೆ ನೋಡ್ರಿ. ಗಂಡಿಗೆ ಎದೆ ಪುಕ್ಕ ಇಟ್ಟಿಗೆ ಬಣ್ಣ, ಒಂದೇ ಸಮ ಇರುತ್ತೆ. ಹೆಣ್ಣಿಗೆ ಎದೆ ಬೂದು ಬಣ್ಣ, ಅದರ ಮೇಲೆ ಕಪ್ಪು ಚುಕ್ಕೆ. ಬಿಳಿ ಜಾತಿಯ ಕೌಜುಗಕ್ಕೆ ಮಾತ್ರ ಈ ಗುರುತು ನಡೆಯಲ್ಲ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಸಾಕು, ಅದೂ ಮರಿ ಮಾಡಿಸೋದಿದ್ರೆ. ತಿನ್ನೋ ಮೊಟ್ಟೆಗಷ್ಟೇ ಅಂದ್ರೆ ಗಂಡೇ ಬೇಕಾಗಿಲ್ಲ, ಗಂಡು ಇಲ್ಲದೆಯೂ ಹೆಣ್ಣು ಮೊಟ್ಟೆ ಇಡುತ್ತೆ. ಇದನ್ನ ಹೇಳಿದಾಗ ನಗ್ತೀರಿ, ಆದ್ರೆ ಜವಾರಿ ಕೋಳಿಯೂ ಹಾಗೇ ಅಲ್ವೇನ್ರಿ? ಹೆಚ್ಚಾದ ಗಂಡುಗಳನ್ನ ಕೂಡಿಸೋ ಮೊದಲೇ ತೂಕಕ್ಕೆ ಬಂದ ಹಾಗೆ ಮಾರಿಬಿಡ್ರಿ. ಅರ್ಧ ಜಗಳ ಅಲ್ಲಿಗೇ ಮುಗೀತು.

ಆಮೇಲೆ ನಡುವೆ ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿ ಎರಡು ಗುಂಪನ್ನೂ ಅಕ್ಕಪಕ್ಕ ಒಂದು ವಾರ ಇಡಿ. ಮುಖ ನೋಡ್ಕೊಳ್ತವೆ, ದನಿ ಕೇಳಿಸ್ಕೊಳ್ತವೆ, ಕುಕ್ಕೋಕೆ ಮಾತ್ರ ಆಗಲ್ಲ. ಸೊಸೆ ಮನೆ ತುಂಬೋಕೆ ಮುಂಚೆ ನಾಲ್ಕು ಸಲ ಹೋಗಿ ಬಂದು ಮಾಡ್ತೀವಲ್ಲ, ಹಾಗೆ. ವಾರ ಆದ ಮೇಲೆ ಹಳೇ ಗುಂಪಿನ ಗೂಡಿಗೆ ಹೊಸವನ್ನ ಬಿಡೋದಲ್ಲ, ಎರಡನ್ನೂ ತೊಳೆದು ಒಣಗಿಸಿದ ಮೂರನೇ ಗೂಡಿಗೆ ಒಟ್ಟಿಗೇ ಬಿಡಬೇಕು. ಆಗ ಯಾರಿಗೂ ಇದು ನನ್ನ ಜಾಗ ಅನ್ನೋದು ಇರಲ್ಲ. ಮೂರನೇ ಗೂಡು ಇಲ್ಲದಿದ್ರೆ ಹಳೇ ಗೂಡನ್ನೇ ಖಾಲಿ ಮಾಡಿ, ತೊಳೆದು, ಕಾಳಿನ ತಟ್ಟೆ ನೀರಿನ ಬಟ್ಟಲಿನ ಜಾಗ ಬದಲಾಯಿಸಿ, ಆಮೇಲೆ ಇಬ್ಬರನ್ನೂ ಒಟ್ಟಿಗೆ ಬಿಡಿ.

ಬಿಡೋ ಹೊತ್ತು ಸಂಜೆ, ಬೆಳಕು ಕಮ್ಮಿಯಾದಾಗ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತೆ, ಮಧ್ಯಾಹ್ನ ಈ ಕೆಲಸಕ್ಕೆ ಕೈ ಹಾಕಲೇಬಾರದು. ಕಾಳು, ನೀರು ಎರಡು ಮೂರು ಕಡೆ ಇಡಿ, ಒಂದು ಕಡೆ ಜಬರ್ದಸ್ತಿ ಮಾಡೋ ಹಕ್ಕಿ ನಿಂತ್ರೂ ಇನ್ನೊಂದು ಕಡೆ ಮಿಕ್ಕವು ತಿನ್ನಬಹುದು. ಮೂಲೆಯಲ್ಲಿ ಜೋಳದ ದಂಟಿನ ಸಣ್ಣ ಕಟ್ಟು ಹಾಕಿದ್ರೆ ಸೋತ ಹಕ್ಕಿ ಅದರ ಹಿಂದೆ ಅಡಗಿಕೊಳ್ಳುತ್ತೆ. ಒಂದು ಚದರ ಅಡಿಗೆ ನಾಲ್ಕೈದಕ್ಕಿಂತ ಹೆಚ್ಚು ಹಾಕಬೇಡ್ರಿ. ಒಂದೇ ಒಂದು ಹಕ್ಕಿಯನ್ನ ತಂದು ಕೂಡಿದ ಗುಂಪಿಗೆ ಬಿಡೋದಂತೂ ಬೇಡವೇ ಬೇಡ, ಎಲ್ಲವೂ ಸೇರಿ ಅದನ್ನೇ ಕುಕ್ತವೆ. ಕನಿಷ್ಠ ನಾಲ್ಕೈದು ಒಟ್ಟಿಗೆ ಸೇರಿಸಬೇಕು.

ಗೂಡಿನ ಎತ್ತರದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಕೌಜುಗ ಹೆದರಿದ್ರೆ ಪಕ್ಕಕ್ಕೆ ಓಡಲ್ಲ, ನೆಟ್ಟಗೆ ಮೇಲಕ್ಕೆ ಜಿಗಿಯುತ್ತೆ. ಮೇಲೆ ತಂತಿಗೋ ತಗಡಿಗೋ ತಲೆ ಬಡಿದು ಸಾಯುತ್ತೆ. ಗೂಡು ಒಂದಡಿಗಿಂತ ಎತ್ತರ ಇಲ್ಲದಿದ್ರೆ ಜಿಗಿಯೋಕೆ ವೇಗ ಸಿಗಲ್ಲ. ಎತ್ತರದ ಗೂಡು ಈಗಾಗಲೇ ಮಾಡಿಸಿದ್ರೆ ಒಳಗೆ ಹಳೇ ಸೀರೆ ಕಟ್ಟಿ ಚಾವಣಿ ತಗ್ಗಿಸಿ.

ಕೂಡಿಸಿದ ಮೊದಲ ಒಂದು ಗಂಟೆ ಅಲ್ಲೇ ಕೂತಿರಬೇಕು. ಹೂ ಕಟ್ಟೋದಿದ್ರೆ ಅಲ್ಲೇ ಕೂತು ಕಟ್ರಿ, ಹಡಗಲಿ ಅಕ್ಕಂದಿರಿಗೆ ಇದು ಹೇಳಬೇಕಾಗಿಲ್ಲ. ಸ್ವಲ್ಪ ಅಟ್ಟಿಸಿಕೊಂಡು ಹೋಗೋದು, ಒಂದೆರಡು ಸಲ ಕುಕ್ಕೋದು ಇದ್ದದ್ದೇ. ಆದ್ರೆ ರಕ್ತ ಕಂಡ ತಕ್ಷಣ ಕೈ ಹಾಕಬೇಕು. ರಕ್ತದ ಬಣ್ಣ ನೋಡಿದ್ರೆ ಮಿಕ್ಕವೂ ಅಲ್ಲಿಗೇ ಕುಕ್ತವೆ. ಗಾಯ ಆದದ್ದನ್ನ ಬೇರೆ ಇಡಿ, ಹಾಗೇ ಕುಕ್ಕಿದ್ದನ್ನೂ ಹೊರಗೆ ತೆಗೀರಿ. ನಾವು ಗಾಯ ಆದದ್ದನ್ನ ಮಾತ್ರ ತೆಗೀತೀವಿ, ಜಗಳಗಂಟನ್ನ ಅಲ್ಲೇ ಬಿಡ್ತೀವಿ. ಅದು ನಾಳೆ ಇನ್ನೊಂದನ್ನ ಹಿಡಿಯುತ್ತೆ. ಒಂದೇ ಗಂಡು ಪದೇ ಪದೇ ಹೀಗೆ ಮಾಡ್ತಿದ್ರೆ ಅದಕ್ಕೆ ಸಾರಿನ ಪಾತ್ರೆಯೇ ಸರಿ. ಕೂಡಿಸಿದ ಮೇಲೆ ನಾಲ್ಕೈದು ದಿನ ಮೊಟ್ಟೆ ಕಮ್ಮಿಯಾದ್ರೆ ಗಾಬರಿ ಬೇಡ, ಜಾಗ ಬದಲಾದ್ರೆ ಹಾಗಾಗುತ್ತೆ.

ಈಗ ಕೋಳಿಯ ವಿಷಯಕ್ಕೆ ಬರೋಣ. ಹಿತ್ತಲಲ್ಲಿ ಎಂಟು ಹತ್ತು ಜವಾರಿ ಕೋಳಿ ನಿಮ್ಮಲ್ಲಿ ಬಹಳ ಜನರ ಮನೇಲಿ ಇರುತ್ತೆ. ಕೆಲವರು ಗಿರಿರಾಜ ಸಾಕಿದ್ದೀರಿ. ಕೋಳಿ ಗೂಡಿನಲ್ಲಿ ಜಾಗ ಇದೆ, ಅದರಲ್ಲೇ ಕೌಜುಗ ಬಿಡಬಹುದಾ ಅಂತ ಕೇಳ್ತೀರಿ. ಬೇಡ್ರಿ. ಒಂದೇ ಮನೇಲಿ ಸಾಕಬಹುದು, ಒಂದೇ ಗೂಡಿನಲ್ಲಿ ಬೇಡ. ಕೌಜುಗದ ಎರಡು ಗುಂಪನ್ನ ತಾಳ್ಮೆಯಿಂದ ಕೂಡಿಸಬಹುದು ಅಂದೆ, ಕೋಳಿಗೂ ಕೌಜುಗಕ್ಕೂ ಆ ಮಾತು ಅನ್ವಯಿಸಲ್ಲ.

ಕಣ್ಣಿಗೆ ಕಾಣೋ ಕಾರಣ ಗಾತ್ರ. ಒಂದೂವರೆ ಎರಡು ಕಿಲೋ ಕೋಳಿ ಒಂದು ಸಲ ಕುಕ್ಕಿದ್ರೆ 150 ಗ್ರಾಂ ಹಕ್ಕಿಗೆ ಉಳಿಗಾಲ ಇಲ್ಲ. ಆಹಾರವೂ ಬೇರೆ. ಕೌಜುಗದ ಮರಿಗೆ ನೂರಕ್ಕೆ 24ರಿಂದ 27 ಭಾಗ ಸಸಾರಜನಕ ಇರೋ ಆಹಾರ ಬೇಕು. ಮೊಟ್ಟೆ ಕೋಳಿಯ ಆಹಾರದಲ್ಲಿ ಅಷ್ಟಿರಲ್ಲ, ಸುಣ್ಣದ ಅಂಶ ಮಾತ್ರ ಹೆಚ್ಚಿರುತ್ತೆ, ಅದು ಮರಿಗೆ ಒಗ್ಗಲ್ಲ. ಒಟ್ಟಿಗೆ ಇಟ್ರೆ ನೀವು ದುಡ್ಡು ಕೊಟ್ಟು ತಂದ ಕೌಜುಗದ ಆಹಾರವನ್ನ ಕೋಳಿ ತಿಂದು ಮುಗಿಸುತ್ತೆ. ಕೋಳಿಯ ನೀರಿನ ಬೋಗುಣಿಯಲ್ಲಿ ಕೌಜುಗದ ಮರಿ ಮುಳುಗಿ ಸಾಯುತ್ತೆ. ಮರಿ ಹುಟ್ಟಿದಾಗ ಏಳೆಂಟು ಗ್ರಾಂ ಅಷ್ಟೇ. ಅದಕ್ಕೇ ಮರಿಗಳ ನೀರಿನ ತಟ್ಟೆಯಲ್ಲಿ ಗೋಲಿ ಇಲ್ಲಾ ತೊಳೆದ ಹರಳು ಕಲ್ಲು ತುಂಬಿ ಇಡಬೇಕು, ಕಲ್ಲಿನ ಸಂದಿಯ ನೀರು ಕುಡೀತವೆ.

ಕಣ್ಣಿಗೆ ಕಾಣದ ಕಾರಣ ರೋಗ, ಅದೇ ದೊಡ್ಡದು. ಕೊಕ್ಕರೆ ರೋಗ ನಿಮಗೆ ಗೊತ್ತು. ರಾಣಿಖೇತ್ ಅಂತಾರಲ್ಲ, ಅದೇ. ಹಸಿರು ಹಿಕ್ಕೆ, ಕತ್ತು ತಿರುಚೋದು, ಊರಿಗೆ ಬಂತು ಅಂದ್ರೆ ವಾರದಲ್ಲಿ ಹಿತ್ತಲೆಲ್ಲ ಖಾಲಿ. ಕೌಜುಗ ಈ ರೋಗವನ್ನ ಕೋಳಿಗಿಂತ ಚೆನ್ನಾಗಿ ತಡ್ಕೊಳ್ಳುತ್ತೆ. ಕೇಳೋಕೆ ಒಳ್ಳೇ ಸುದ್ದಿ, ಆದ್ರೆ ಅಪಾಯ ಇರೋದೇ ಅಲ್ಲಿ. ಕೌಜುಗ ಚೆನ್ನಾಗೇ ಕಾಣುತ್ತೆ, ಒಳಗೆ ರೋಗಾಣು ಇರುತ್ತೆ, ಹಿಕ್ಕೆಯಲ್ಲಿ ಹೊರಗೆ ಬಂದು ಕೋಳಿಗೆ ಹತ್ತುತ್ತೆ. ಇನ್ನು ಮುಖ ಊದಿ ಮೂಗಿನಲ್ಲಿ ನೀರು ಸುರಿಯೋ ನೆಗಡಿ ರೋಗ ಕೋಳಿಯಿಂದ ಕೌಜುಗಕ್ಕೆ ಬರುತ್ತೆ. ವಾಸಿಯಾದ ಕೋಳಿಯೂ ರೋಗಾಣು ಹೊತ್ತುಕೊಂಡೇ ತಿರುಗುತ್ತೆ. ಕರುಳು ಹುಣ್ಣಿನ ರೋಗ ಕೌಜುಗದಿಂದ ಕೋಳಿಗೂ ಹೋಗಬಹುದು. ಹೀಗೆ ಒಂದಕ್ಕೊಂದು ಕೊಡ್ತಾ ತಗೊಳ್ತಾ ಇರ್ತವೆ.

ಹಕ್ಕಿಜ್ವರದ ವಿಷಯ ಇನ್ನೂ ಗಂಭೀರ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೋಳಿಯಿಂದ ಮನುಷ್ಯರಿಗೆ ಹಕ್ಕಿಜ್ವರ ಹತ್ತಿ 18 ಜನ ಕಾಯಿಲೆ ಬಿದ್ರು, 6 ಜನ ತೀರಿಕೊಂಡ್ರು. ಅಲ್ಲಿಯ ಮಾರುಕಟ್ಟೆಗಳನ್ನ ಪರೀಕ್ಷೆ ಮಾಡಿದ ವಿಜ್ಞಾನಿಗಳಿಗೆ, ಬೇರೆ ಬೇರೆ ಹಕ್ಕಿಗಳ ರೋಗಾಣು ಕೌಜುಗದ ಮೈಯಲ್ಲಿ ಕೂಡಿ ಹೊಸ ರೂಪ ಪಡೆಯಬಹುದು ಅಂತ ಗೊತ್ತಾಯ್ತು. 2002ರಲ್ಲಿ ಅಲ್ಲಿ ಜೀವಂತ ಕೌಜುಗವನ್ನ ಕೋಳಿಯ ಜೊತೆ ಮಾರೋದನ್ನೇ ನಿಲ್ಲಿಸಿದ್ರು. ಹಾಂಗ್‌ಕಾಂಗ್ ದೂರ ಅಂತೀರಾ? 2025ರಲ್ಲಿ ಕೂಡ್ಲಿಗಿ ಪಕ್ಕದ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲೇ ಹಕ್ಕಿಜ್ವರದಿಂದ ಕೋಳಿಗಳು ಸತ್ತವು. ಹಗರಿಬೊಮ್ಮನಹಳ್ಳಿಯವರಿಗೆ ಅಂಕಸಮುದ್ರದ ಕೆರೆ ಗೊತ್ತು. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣ ಅನ್ನೋ ಅಂತರರಾಷ್ಟ್ರೀಯ ಗೌರವ ಸಿಕ್ಕಿದೆ. ದೂರ ದೇಶದ ಹಕ್ಕಿಗಳು ಬರೋದು ನಮ್ಮ ಹೆಮ್ಮೆ. ಆದ್ರೆ ಅಂಥ ಕೆರೆ ಅಂಚಿನ ಊರಿನವರು ನೀರುಹಕ್ಕಿಗಳು ಇಳಿಯೋ ಜಾಗದಲ್ಲಿ ಕೋಳಿ ಬಿಡಬಾರದು, ಆ ನೀರನ್ನ ತಂದು ಗೂಡಿಗೆ ಇಡಬಾರದು. ಹೆದರಿಸೋಕೆ ಹೇಳ್ತಿಲ್ಲ, ಚೆನ್ನಾಗಿ ಬೇಯಿಸಿದ ಮಾಂಸ ಮೊಟ್ಟೆಯಿಂದ ಯಾರಿಗೂ ತೊಂದರೆ ಇಲ್ಲ.

ಹಾಗಾದ್ರೆ ಒಂದೇ ಮನೇಲಿ ಎರಡನ್ನೂ ಇಟ್ಟುಕೊಳ್ಳೋದು ಹೇಗೆ? ನಡುವೆ ಒಂದು ಗೋಡೆಯಾದ್ರೂ ಇರಲಿ, ಜಾಗ ಇದ್ದವರು ಮನೆಯ ಮುಂದೊಂದು ಹಿಂದೊಂದು ಮಾಡ್ಕೊಳ್ರಿ. ಕೋಳಿ ಕೂರೋ ಅಟ್ಟದ ಕೆಳಗೆ ಕೌಜುಗದ ಗೂಡು ಬೇಡ, ಮೇಲಿನ ಹಿಕ್ಕೆಯೆಲ್ಲ ಇವುಗಳ ತಲೆ ಮೇಲೆ. ಅದಕ್ಕಿಂತ ಹೆಚ್ಚಾಗಿ ನಡೆಯೋದು ಇದರ ಉಲ್ಟಾ. ಕೌಜುಗದ ಗೂಡನ್ನ ಮೂರಡಿ ಎತ್ತರದಲ್ಲಿ ಇಟ್ಟಿರ್ತೀವಿ, ತಂತಿ ತಳದಿಂದ ಕಾಳೂ ಹಿಕ್ಕೆಯೂ ಕೆಳಗೆ ಬೀಳುತ್ತೆ, ಕೋಳಿ ಬಂದು ಅದನ್ನ ಕೆದರಿ ತಿನ್ನುತ್ತೆ. ಚೆಲ್ಲಿದ ಕಾಳು ವ್ಯರ್ಥ ಆಗಲಿಲ್ಲ ಅಂತ ನಮಗೂ ಸಮಾಧಾನ. ಗೂಡು ಬೇರೆ ಮಾಡಿದ್ದೆಲ್ಲ ಆ ಒಂದು ಜಾಗದಲ್ಲಿ ನೀರುಪಾಲು. ಗೂಡಿನ ಕೆಳಗೆ ತಗಡೋ ಗೋಣಿಚೀಲವೋ ಹಾಸಿ ದಿನಾ ತೆಗೀರಿ, ಸುತ್ತ ಮೊಣಕಾಲೆತ್ತರಕ್ಕೆ ಜಾಲರಿ ಕಟ್ಟಿ ಕೋಳಿ ಒಳಗೆ ಬರದ ಹಾಗೆ ಮಾಡ್ರಿ. ತೆಗೆದ ಹಿಕ್ಕೆಯನ್ನ ಕೋಳಿ ಕೆದರೋ ತಿಪ್ಪೆಗೆ ಹಾಕದೆ, ಬೇರೆ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಗೂಡಿನ ಹತ್ತಿರ ಒಂದು ಜೊತೆ ಹಳೇ ಚಪ್ಪಲಿ ಇಟ್ಟು, ಒಳಗೆ ಹೋಗುವಾಗ ಅದನ್ನೇ ಹಾಕ್ಕೊಳ್ರಿ.

ಕೋಳಿಗಳಿಗೆ ಲಸಿಕೆ ತಪ್ಪಿಸಬೇಡ್ರಿ. ಮರಿಗೆ ಒಂದು ವಾರದಲ್ಲಿ ಲಸೋಟ ಹನಿ, ತಿಂಗಳಿಗೆ ಮತ್ತೊಂದು ಸಲ, ಎಂಟು ವಾರ ದಾಟಿದ ಮೇಲೆ ಸೂಜಿ. ನಿಮ್ಮ ಪಶು ಆಸ್ಪತ್ರೆಯಲ್ಲಿ, ಪಶುಸಖಿ ಇದ್ದ ಊರಲ್ಲಿ ಅವರ ಹತ್ತಿರ ಕೇಳ್ರಿ. ಒಂದು ಬಾಟ್ಲಿ ಒಡೆದ್ರೆ ಬಹಳ ಕೋಳಿಗೆ ಬರುತ್ತೆ, ಉಳಿದದ್ದು ನಾಳೆಗೆ ಆಗಲ್ಲ. ಆದ್ದರಿಂದ ಸಂಘದವರೆಲ್ಲ ಒಂದೇ ದಿನ ಗೊತ್ತುಮಾಡಿ ಇಡೀ ಓಣಿಯ ಕೋಳಿಗೆ ಹಾಕಿಸೋದು ಒಳ್ಳೇದು. ಹಕ್ಕಿ ಸುಮ್ಮನೆ ಸಾಯ್ತಾ ಇದ್ರೆ ಹಳ್ಳಕ್ಕೆ ಎಸೀಬೇಡ್ರಿ, ಪೇಟೆಗೆ ಮಾರಲೂ ಬೇಡ್ರಿ. ಬರಿಗೈಲಿ ಮುಟ್ಟದೆ, ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಿ ಅವರು ಹೇಳಿದ ಹಾಗೆ ಮಾಡ್ರಿ.

ಕೋಳಿ ಕೆಳಗೆ ಕೌಜುಗದ ಮೊಟ್ಟೆ ಇಟ್ಟು ಮರಿ ಮಾಡಿಸಬಹುದಾ ಅನ್ನೋ ಪ್ರಶ್ನೆಯೂ ಬರುತ್ತೆ. ಮರಿ ಆಗುತ್ತೆ, 17–18 ದಿನಕ್ಕೆ ಒಡೆಯುತ್ತೆ. ಆದ್ರೆ ಚಿಪ್ಪು ತೆಳು, ದೊಡ್ಡ ಕೋಳಿಯ ಭಾರಕ್ಕೆ ಎಷ್ಟೋ ಒಡೆದು ಹೋಗುತ್ತೆ. ಕೋಳಿ ಮೊಟ್ಟೆಯ ಜೊತೆ ಇಟ್ರೆ ಇವು ಮೂರು ದಿನ ಮುಂಚೆ ಒಡೆದು ಕೋಳಿ ಕಾವು ಬಿಟ್ಟು ಎದ್ದುಬಿಡಬಹುದು. ಮೇಲಾಗಿ ತಾಯಿಕೋಳಿಯ ರೋಗ ಮೊದಲ ದಿನವೇ ಮರಿಗೆ. ದುಡಿಮೆಗೆ ಸಾಕೋರು ಹ್ಯಾಚರಿ ಮರಿ ತರೋದೇ ಮೇಲು.

ಕೊನೆಗೆ ದುಡ್ಡಿನ ಮಾತು. ಮೊದಲ ಸಲ 25, ಹೆಚ್ಚಂದ್ರೆ 50 ಮರಿ ಸಾಕು. ಐದು ವಾರಕ್ಕೆ ಒಂದು ಹಕ್ಕಿ ಸುಮಾರು ಅರ್ಧ ಕಿಲೋ ಆಹಾರ ತಿನ್ನುತ್ತೆ, ಅಂದ್ರೆ 50ಕ್ಕೆ 25 ಕಿಲೋ. ದೊಡ್ಡದಾದ ಮೇಲೆ ದಿನಕ್ಕೆ 25–30 ಗ್ರಾಂ. ನಮ್ಮ ಕಡೆ ಮೆಕ್ಕೆಜೋಳ ಬೇಕಾದಷ್ಟಿದೆ, ಆದ್ರೆ ಅದೊಂದನ್ನೇ ಹಾಕಿದ್ರೆ ಹಕ್ಕಿ ಬೆಳೆಯಲ್ಲ, ಅದರಲ್ಲಿ ಸಸಾರಜನಕ ನೂರಕ್ಕೆ ಎಂಟೊಂಬತ್ತು ಭಾಗ ಮಾತ್ರ. ಶೇಂಗಾ ಹಿಂಡಿ ಸೇರಿಸೋರು ಬೂಷ್ಟು ಹಿಡಿದದ್ದನ್ನ ಮುಟ್ಟಬಾರದು, ಅದು ಹಕ್ಕಿಗೆ ವಿಷ. ಮರಿಗಳಿಗೆ ಬ್ರಾಯ್ಲರ್ ಮರಿಯ ಆಹಾರವನ್ನ ಸಣ್ಣಗೆ ಪುಡಿ ಮಾಡಿ ಹಾಕಬಹುದು. ಮರಿ ತರೋಕೆ ಮುಂಚೆ ಕೊಳ್ಳೋರು ಯಾರು ಅಂತ ಕೇಳಿಕೊಂಡು ಬನ್ನಿ. ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯ ಡಾಬಾಗಳು ಕೂಡ್ಲಿಗಿಯವರಿಗೆ ಹತ್ತಿರ, ಮಿಕ್ಕವರು ತಮ್ಮ ತಾಲ್ಲೂಕು ಕೇಂದ್ರದ ಖಾನಾವಳಿ, ಹೋಟೆಲುಗಳಲ್ಲಿ ವಿಚಾರಿಸಬೇಕು. ಶ್ರಾವಣದಲ್ಲಿ ಮಾಂಸದ ವ್ಯಾಪಾರ ಬಿದ್ದುಹೋಗುತ್ತೆ. ಐದು ವಾರಕ್ಕೆ ತೂಕಕ್ಕೆ ಬಂದ ಹಕ್ಕಿ ಆಮೇಲೆ ತಿಂದದ್ದೆಲ್ಲ ನಿಮ್ಮ ಕೈಯಿಂದ. ಹಾಗಾಗಿ ಶ್ರಾವಣಕ್ಕೆ ಆರು ವಾರ ಮುಂಚೆ ಮರಿ ತಂದಿರಬೇಕು, ಇಲ್ಲಾ ಶ್ರಾವಣ ಶುರುವಾದ ಮೇಲೆ ತರಬೇಕು. ನಡುವಿನ ದಿನಗಳಲ್ಲಿ ಯಾರು ಕೊಡ್ತೀನಿ ಅಂದ್ರೂ ತರಬೇಡ್ರಿ. ಈಗ ನಿಮ್ಮ ಪ್ರಶ್ನೆಗಳಿದ್ರೆ ಕೇಳ್ರಿ.